ಈ ‘ಬಗ್ಗರ್’ ಯಾವ ಬಗೆ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಾಫ್ಟ್‌ವೇರ್ ಟೀಮಿನ ಅರ್ಧ ಜನ ಬೆಂಗಳೂರಿನಲ್ಲಿ, ಅರ್ಧ ಜನ ಫ್ರಾನ್ಸಿನಲ್ಲಿ, ಕ್ಲೈಂಟ್ ಇಂಗ್ಲೆಂಡಿನಲ್ಲಿ. ರಿಲೀಸ್ ಹಿಂದಿನ ರಾತ್ರಿ ಫ್ರೆಂಚ್ ಹುಡುಗನೊಬ್ಬ ದೋಷ ಬರೆದಿಡುವ ಟಿಕೆಟ್‌ನಲ್ಲಿ ತನ್ನ ಭಾಷೆಯಲ್ಲೇ ಒಂದು ಸಾಲು ಬರೆದು ಮಲಗಿಬಿಟ್ಟ. ಕೊನೆಯ ಪದ ಬಿ, ಯು, ಜಿ, ಜಿ, ಇ, ಆರ್. ಇಂಗ್ಲಿಷಿನಲ್ಲಿ ಓದಿದರೆ ‘ಬಗ್ಗರ್’, ಒಂದು ಬೈಗುಳ. ಬೆಳಿಗ್ಗೆ ಕಾಲ್‌ನಲ್ಲಿ ಕ್ಲೈಂಟ್ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, “ಟಿಕೆಟ್‌ನಲ್ಲಿ ಇಂಥ ಭಾಷೆ ಬೇಡ” ಎಂದರು. ಹುಡುಗನಿಗೆ ತಲೆಬುಡ ಅರ್ಥವಾಗಲಿಲ್ಲ. ಪಾಪ, ಅವನು ಬರೆದದ್ದು ಇಷ್ಟೇ: “ಈ ಸ್ಕ್ರೀನ್ ಕೈಕೊಡುತ್ತೆ.”

ಫ್ರೆಂಚರದು ನಮ್ಮದೇ ಚಾಳಿ. ಇಂಗ್ಲಿಷಿನಿಂದ ಒಂದು ಪದ ಎತ್ತಿಕೊಂಡು ಬಾಲ ಅಂಟಿಸುತ್ತಾರೆ. ನಾವು ‘ಇಸು’ ಅಥವಾ ‘ಮಾಡು’ ಸೇರಿಸಿದ ಹಾಗೆ ಅವರು ‘ಇ, ಆರ್’ ಸೇರಿಸುತ್ತಾರೆ. ಟೆಸ್ಟ್ ಮಾಡು, ಲೈಕ್ ಮಾಡು, ಎಲ್ಲಕ್ಕೂ ಅದೇ ಬಾಲ. ಸಾಫ್ಟ್‌ವೇರ್ ದೋಷಕ್ಕೆ ಹೇಳುವ ‘ಬಗ್’ಗೂ ಅದನ್ನೇ ಅಂಟಿಸಿದರು. ಸಾಫ್ಟ್‌ವೇರ್ ಕೆಟ್ಟರೂ ಆ ಕ್ರಿಯಾಪದ, ಫೋನ್ ನಿಂತುಹೋದರೂ ಅದೇ. ಪರೀಕ್ಷೆಯಲ್ಲಿ ಏನೂ ಹೊಳೆಯದೆ ಕೂತವನೂ ಅದನ್ನೇ ಹೇಳುತ್ತಾನೆ. ನಾವು ‘ತಲೆ ಹ್ಯಾಂಗ್ ಆಗೋಯ್ತು’ ಅಂತೀವಲ್ಲ, ಹಾಗೆ. ಕೊನೆಯ ‘ಆರ್’ ಅವರ ಬಾಯಲ್ಲಿ ಕೇಳಿಸುವುದಿಲ್ಲ. ಹಾಗಾಗಿ ಪದ ಹೆಚ್ಚುಕಡಿಮೆ ನಮ್ಮ ‘ಬಗೆ’ಯ ಹಾಗೇ ಕೇಳುತ್ತದೆ. ಬಗ್ ಬಗೆಹರಿಸುವುದೇ ಹೊಟ್ಟೆಪಾಡಾದ ನನಗೆ ಇದು ತುಂಬ ಹಿಡಿಸಿತು.

ಅಲ್ಲಿನ ಸರ್ಕಾರಿ ಪದಕೋಶದವರು ಸುಮ್ನೆ ಕೂರಲಿಲ್ಲ. ‘ಬಗ್’ ಬೇಡ, ‘ಬೊಗ್’ ಅನ್ನಿ ಎಂದರು. ಅವರ ಭಾಷೆಯಲ್ಲಿ ಬೊಗ್ ಅಂದರೆ ಚೆಸ್ಟ್‌ನಟ್ ಕಾಯಿಯ ಮುಳ್ಳುಮುಳ್ಳು ಸಿಪ್ಪೆ. ಫ್ರಾನ್ಸಿನಲ್ಲಿ ಜನ ‘ಬಗ್’ ಅನ್ನುವುದನ್ನು ಬಿಡಲಿಲ್ಲ. ನಮ್ಮಲ್ಲಿ ‘ತಂತ್ರಾಂಶ’ ಬಂದರೂ ಬಾಯಲ್ಲಿ ‘ಸಾಫ್ಟ್‌ವೇರ್’ ಉಳಿಯಲಿಲ್ವಾ?

ಇಲ್ಲೊಂದು ಕೊಸರು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಎಂಬ ಹಳೇ ಕಂಪ್ಯೂಟರಿನ ರಿಲೇ ಸ್ವಿಚ್ಚಿನಲ್ಲಿ ಒಂದು ಪತಂಗ ಸಿಕ್ಕಿತು. ಇಂಗ್ಲಿಷಿನಲ್ಲಿ ಬಗ್ ಅಂದರೆ ಹುಳ. ಅದನ್ನು ಲಾಗ್ ಬುಕ್ಕಿಗೆ ಅಂಟಿಸಿ, ‘ನಿಜವಾಗಿ ಬಗ್ ಸಿಕ್ಕ ಮೊದಲ ಪ್ರಸಂಗ’ ಎಂದು ಬರೆದರು. ಬಗ್ ಅನ್ನೋ ಪದ ಹುಟ್ಟಿದ್ದೇ ಅಲ್ಲಿ ಎಂದು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಹೇಳುತ್ತಾರೆ. ಪದ ಮೊದಲೇ ಇರದಿದ್ದರೆ ‘ನಿಜವಾಗಿ’ ಅನ್ನುವ ತಮಾಷೆ ಹೇಗೆ ಬರುತ್ತಿತ್ತು? ಎಡಿಸನ್ 1878ರಲ್ಲೇ ತನ್ನ ಪತ್ರದಲ್ಲಿ ಯಂತ್ರದ ಸಣ್ಣಪುಟ್ಟ ತೊಡಕುಗಳನ್ನು ‘ಬಗ್ಸ್’ ಎಂದು ಕರೆದಿದ್ದ.

ಇಂಗ್ಲಿಷಿನ ಬೈಗುಳ ‘ಬಗ್ಗರ್’ಗೂ ಈ ಹುಳಕ್ಕೂ ನಂಟೇ ಇಲ್ಲ. ಅಕ್ಷರ ಒಂದೇ, ಅಷ್ಟೇ. ಅದರ ಬೇರು ಒಂದು ದೇಶದ ಹೆಸರಿನಲ್ಲಿದೆ. ಬಲ್ಗೇರಿಯ!

10ನೇ ಶತಮಾನದ ಬಲ್ಗೇರಿಯದಲ್ಲಿ ಬೊಗೊಮಿಲ್ ಎಂಬ ಪಾದ್ರಿಯ ಪಂಥವೊಂದು ಎದ್ದಿತು. ಈ ಲೋಕ ಸೈತಾನನ ಸೃಷ್ಟಿ, ಶಿಲುಬೆಯ ಪೂಜೆ ಬೇಡ, ಮಕ್ಕಳನ್ನು ಹೆರುವುದೂ ದೊಡ್ಡ ಪುಣ್ಯವೇನಲ್ಲ ಎಂಬ ಧಾಟಿಯ ಮಾತುಗಳು. ಅಂಥದೇ ನಂಬಿಕೆಯ ಕ್ಯಾಥರರು ಮುಂದೆ ದಕ್ಷಿಣ ಫ್ರಾನ್ಸಿನಲ್ಲಿ ಹೆಚ್ಚಿದಾಗ, ಫ್ರೆಂಚರು ಅಂಥವರನ್ನು ‘ಬೂಗ್ರ್’ ಎಂದರು. ಬಲ್ಗೇರಿಯದವನು ಅಂತ ಅರ್ಥ. ಧರ್ಮಭ್ರಷ್ಟ ಅಂತಲೂ ಅರ್ಥ. ಮಕ್ಕಳು ಬೇಡ ಅನ್ನುವವರು ಹಾಸಿಗೆಯಲ್ಲಿ ಇನ್ನೇನೋ ಮಾಡುತ್ತಾರೆ ಎಂಬ ಗುಸುಗುಸು ಅದಕ್ಕೆ ಅಂಟಿಕೊಂಡಿತು. ಗಂಡು ಗಂಡಿನ ಕೂಡಾಟಕ್ಕೂ ಅದೇ ಹೆಸರಾಯಿತು. ಇದರಲ್ಲಿ ನನಗೆ ಮರೆಯಲಾಗದವನು ರಾಬರ್ಟ್ ಎಂಬ ಕ್ರೈಸ್ತ ಸನ್ಯಾಸಿ. ಒಂದು ಕಾಲಕ್ಕೆ ತಾನೇ ಆ ಪಂಥದಲ್ಲಿದ್ದು ವಾಪಸ್ ಬಂದವನು. ಜನ ಅವನನ್ನೇ ‘ರಾಬರ್ಟ್ ಬೂಗ್ರ್’ ಎಂದು ಕರೆಯುತ್ತಿದ್ದರು. ಅವನೇ ವಿಚಾರಣೆ ನಡೆಸಿ 1239ರಲ್ಲಿ ಮೋಂಟ್-ಎಮೆ ಎಂಬಲ್ಲಿ ಸುಮಾರು 180 ಜನರನ್ನು ಒಂದೇ ದಿನ ಸುಡಿಸಿದ. ಆ ಹೆಸರನ್ನು ಮೈಯಿಂದ ತೊಳೆದುಕೊಳ್ಳಲು ಹೀಗೆ ಮಾಡಿದನೇನೋ ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಪದ ಮೆತ್ತಗಾಯಿತು. ಫ್ರೆಂಚಿನಲ್ಲಿ ‘ಬಡ ಬೂಗ್ರ್’ ಅಂದರೆ ಈಗ ಪಾಪದ ಮನುಷ್ಯ. ಮಾರಿಷಸ್‌ನ ಕ್ರಿಯೋಲ್‌ನಲ್ಲಿ ‘ಬೂಗ್’ ಅಂದರೆ ಬರೀ ‘ಒಬ್ಬ ಆಸಾಮಿ’. ಇಂಗ್ಲಿಷಿನಲ್ಲೂ ಮುದುಕರು ಗೆಳೆಯನನ್ನು ‘ಹಳೇ ಬಗ್ಗರ್’ ಅನ್ನುತ್ತಾರೆ. ಕೈಯಿಂದ ಲೋಟ ಜಾರಿದರೂ ‘ಬಗ್ಗರ್!’ 1999ರಲ್ಲಿ ನ್ಯೂಜಿಲೆಂಡ್‌ನಲ್ಲಿ ಟೊಯೊಟಾ ಹೈಲಕ್ಸ್ ಜಾಹೀರಾತಿನ ತುಂಬ ಹೆಚ್ಚುಕಡಿಮೆ ಇದೊಂದೇ ಮಾತಿತ್ತು. ದೂರುಗಳು ಬಂದವು, ಅಲ್ಲಿನ ಜಾಹೀರಾತು ಮಂಡಳಿ ತಳ್ಳಿಹಾಕಿತು. ನಮ್ಮ ಮಂಡ್ಯ ಕಡೆ ‘ಬಡ್ಡೆತ್ತದೆ’ ಅನ್ನೋದಿಲ್ವಾ? ನನ್ನ ಸೋದರಮಾವ ಹಾಗೆ ಕರೆಯದೆ ಹೆಸರು ಹಿಡಿದು ಕರೆದರೆ, ಅವತ್ತು ಅವರಿಗೆ ಸಿಟ್ಟು ಬಂದಿದೆ ಅಂತಲೇ ಲೆಕ್ಕ.

ನನ್ನ ತಕರಾರು ಇರುವುದು ಇಲ್ಲೇ. ಬೈಗುಳವನ್ನು ಜನ ಬಳಸಿ ಬಳಸಿ ಸವೆಸಿದರು. ಕಾನೂನಿಗೆ ಸೇರಿದ ಅದೇ ಪದ ಮಾತ್ರ ಸವೆಯಲೇ ಇಲ್ಲ. 1533ರಲ್ಲಿ ಎಂಟನೇ ಹೆನ್ರಿಯ ಇಂಗ್ಲೆಂಡ್ ಇದೇ ಪದವನ್ನು ಹೆಸರಲ್ಲಿಟ್ಟುಕೊಂಡ ಒಂದು ಕಾಯ್ದೆ ಮಾಡಿತು. ಶಿಕ್ಷೆ, ನೇಣು. ಆ ಅಪರಾಧಕ್ಕೆ ಇಂಗ್ಲೆಂಡಿನಲ್ಲಿ ಕೊನೆಯದಾಗಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ, ಲಂಡನ್ನಿನಲ್ಲಿ. ಆ ಕಾಯ್ದೆಯ ಮರಿಮೊಮ್ಮಗ ನಮಗೂ ಬಂತು. 2024ರವರೆಗೆ ಜಾರಿಯಲ್ಲಿದ್ದ 1860ರ ದಂಡಸಂಹಿತೆಯ 377ನೇ ಕಲಂ. ಅದರಲ್ಲಿ ‘ಬಗ್ಗರ್’ ಪದ ಇರಲಿಲ್ಲ, ‘ಪ್ರಕೃತಿಯ ನಿಯಮಕ್ಕೆ ವಿರುದ್ಧ’ ಎಂಬ ಮಡಿ ಮಾತಿತ್ತು. ದೆಹಲಿ ಹೈಕೋರ್ಟ್ 2009ರಲ್ಲಿ ಅದರ ಹಲ್ಲು ಕಿತ್ತಿತು. 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟ್ಟಿಸಿಕೊಟ್ಟಿತು. ಒಪ್ಪಿ ಕೂಡುವ ವಯಸ್ಕರಿಗೆ ಅದರಿಂದ ಬಿಡುಗಡೆ ಸಿಕ್ಕಿದ್ದು 2018ರ ಸೆಪ್ಟೆಂಬರ್ 6ರಂದು. ಬಲ್ಗೇರಿಯದ ಪಾದ್ರಿಯ ಮೇಲಿನ ಸಿಟ್ಟು ಎಲ್ಲಿ, ಬೆಂಗಳೂರಿನ ಪಾರ್ಕಿನಲ್ಲಿ ಪೊಲೀಸರಿಗೆ ಹೆದರಿ ಕೂತ ಇಬ್ಬರು ಹುಡುಗರು ಎಲ್ಲಿ.

ಟಿಕೆಟ್‌ನಲ್ಲಿ ಬರೆದರೆ ಅಸಭ್ಯ, ಶಾಸನದಲ್ಲಿ ಬರೆದರೆ ಸಭ್ಯ. ಇದು ಯಾವ ನ್ಯಾಯ? ಕೆಟ್ಟ ಮಾತು ಎಂದು ಮೂಗು ಮುರಿಯುವವರ ಜೊತೆ ಅವತ್ತೇ ಜಗಳ ಆಡಬೇಕಿತ್ತು. ಆಡಲಿಲ್ಲ. ಅಪ್ರೈಸಲ್ ಹತ್ತಿರ ಇತ್ತು, ನಿಜ ಹೇಳಬೇಕಲ್ಲ.

ಆದರೂ ಒಂದು ತಿಂಗಳಿಗೆ ಸಣ್ಣ ಸಮಾಧಾನ ಸಿಕ್ಕಿತು. ಅದೇ ಹಿರಿಯರು ತಮ್ಮ ಮೇಲಿನವರಿಗೆ ಡೆಮೊ ತೋರಿಸುತ್ತಿದ್ದರು. ಮೂರನೇ ಸ್ಕ್ರೀನ್ ಗಪ್ಪನೆ ನಿಂತಿತು. ಮೈಕ್ ಆಫ್ ಆಗಿದೆ ಅಂದುಕೊಂಡು ಅವರು ಮೆಲ್ಲಗೆ “ಬಗ್ಗರ್” ಎಂದರು. ಎಲ್ಲರೂ ಉಸಿರು ಬಿಗಿಹಿಡಿದೆವು. ಆ ಕಡೆಯಿಂದ ನಮ್ಮ ಫ್ರೆಂಚ್ ಹುಡುಗ ಮಾತ್ರ ಬಹಳ ಸಭ್ಯವಾಗಿ ಹೇಳಿದ: “ಹೌದು ಸರ್. ಅದನ್ನೇ ಟಿಕೆಟ್‌ನಲ್ಲಿ ಬರೆದಿದ್ದೆ.”