ಮಂಗಳವಾರದ ಕೈಮಾ

ರಾತ್ರಿ ಊಟಕ್ಕೆ ಬ್ರೆಡ್ ಅಂದರೆ ನಮ್ಮ ಕೋಲಾರದ ಕಡೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತಲೇ ಅರ್ಥ. ಜ್ವರ ಬಂದವರಿಗೆ ಬ್ರೆಡ್ಡು-ಹಾಲು, ಉಳಿದವರಿಗೆ ಮುದ್ದೆ. ನ್ಯೂಜೆರ್ಸಿಗೆ ಬಂದು ಇಷ್ಟು ವರ್ಷ ಆದಮೇಲೂ ಫೋನಿನಲ್ಲಿ "ಇವತ್ತು ಸ್ಯಾಂಡ್‌ವಿಚ್" ಅಂದರೆ ಅಮ್ಮ "ಯಾಕಪ್ಪ, ಮೈ ಚೆನ್ನಾಗಿಲ್ವಾ?" ಅಂತಲೇ ಕೇಳುತ್ತಾಳೆ. ಅದಕ್ಕೆ ಕೈಮಾ ಹಾಕಿದ್ದೀನಿ ಅಂದರೆ ಇನ್ನೊಂದು ಪ್ರಶ್ನೆ. "ಮಂಗಳವಾರ ಕೈಮಾನಾ? ಯಾರು ಬಂದಿದ್ರು?"

ಅಮ್ಮನ ಆ ಎರಡನೇ ಪ್ರಶ್ನೆ ಸರಿಯಾದ ಪ್ರಶ್ನೆಯೇ. ನಮ್ಮಲ್ಲಿ ಬಾಡೂಟ ಅಂದರೆ ಭಾನುವಾರ. ಇಲ್ಲ ಅಂದರೆ ಯುಗಾದಿ ಮಾರನೇ ದಿನದ ವರ್ಷದೊಡಕು, ಊರ ಜಾತ್ರೆ, ಅಳಿಯ ಮನೆಗೆ ಬಂದ ದಿನ. ಸೋಮವಾರ ಶಿವನಿಗೆ, ಶನಿವಾರ ತಿಮ್ಮಪ್ಪನಿಗೆ ಅಂತ ಬಿಟ್ಟಮೇಲೆ ಉಳಿದ ದಿನಗಳಲ್ಲೂ ಯಾರೂ ಸುಮ್ನೆ ಮಟನ್ ತರಲ್ಲ. ದುಡ್ಡಿನ ಮಾತು ಇದ್ದೇ ಇದೆ, ಆದರೆ ಅದಕ್ಕಿಂತ ದೊಡ್ಡದು ಕೆಲಸ. ಕೈಮಾ ಉಂಡೆ ಸಾರು ಮಾಡಿದ್ದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಬೆಳಿಗ್ಗೆ ಅಂಗಡಿ ಮುಂದೆ ನಿಂತು, ಹುಣಸೆ ದಿಮ್ಮಿಯ ಮೇಲೆ ಕೊಚ್ಚಿಸಿಕೊಂಡು ಬರಬೇಕು. ಆಮೇಲೆ ತೊಳೆದು, ಹಿಂಡಿ, ಹುರಿಗಡಲೆ, ಕಾಯಿ, ಚಕ್ಕೆ, ಲವಂಗ, ಹಸಿಮೆಣಸಿನಕಾಯಿ ಎಲ್ಲ ಸೇರಿಸಿ ರುಬ್ಬಬೇಕು. ಉಂಡೆ ಕಟ್ಟಿ ಕುದಿಯುವ ಸಾರಿಗೆ ಒಂದೊಂದಾಗಿ ಬಿಡಬೇಕು. ಹುರಿಗಡಲೆ ಕಮ್ಮಿಯಾದರೆ ಉಂಡೆ ಒಡೆದು ಸಾರೆಲ್ಲ ರಾಡಿ. ಇದು ಮಂಗಳವಾರ ಆಫೀಸಿನಿಂದ ಬಂದು ಮಾಡುವ ಅಡುಗೆ ಅಲ್ಲ.

ಅಮೆರಿಕದಲ್ಲಿ ಇದು ಪೂರ್ತಿ ಉಲ್ಟಾ. ಇಲ್ಲಿ ಕೈಮಾ ಇರುವುದೇ ಸುಸ್ತಾಗಿ ಬಂದವರಿಗಾಗಿ. ಅಂಗಡಿಯಲ್ಲಿ ಒಂದು ಪೌಂಡಿನ, ಅಂದರೆ 454 ಗ್ರಾಂನ ಟ್ರೇ. ಮೇಲೆ 80/20, 90/10 ಅಂತ ಬರೆದಿರುತ್ತದೆ. ಮೊದಲನೆಯದು ಮಾಂಸ, ಎರಡನೆಯದು ಕೊಬ್ಬು. ತೊಳೆಯುವ ಹಾಗಿಲ್ಲ, ಹೆಚ್ಚುವ ಹಾಗಿಲ್ಲ, ಪ್ಲಾಸ್ಟಿಕ್ ಕಿತ್ತು ಬಾಣಲೆಗೆ ಹಾಕುವುದಷ್ಟೇ. ನಾಲ್ಕು ಜನರ ಊಟಕ್ಕೆ ಅಷ್ಟು ಸಾಕು. ಸೊಪ್ಪು ಬಿಡಿಸುವುದಕ್ಕಿಂತ ಮಾಂಸ ಬೇಯಿಸುವುದು ಸುಲಭ ಆಗಿರುವ ದೇಶ ಇದು. ಹಾಗಾಗಿ ವಾರದ ಮಧ್ಯದ ರಾತ್ರಿ ಊಟ ಅಂದರೆ ಇಲ್ಲಿ ಎಷ್ಟೋ ಮನೆಗಳಲ್ಲಿ ದನದ ಕೈಮಾ, ಚೀಸ್, ಬ್ರೆಡ್. ಹಾರ್ಲೆಮ್, ಬ್ರಾಂಕ್ಸ್ ಕಡೆಯ ಮೂಲೆ ಅಂಗಡಿಗಳಲ್ಲಿ ಇದಕ್ಕೆ ಚಾಪ್ಡ್ ಚೀಸ್ ಅಂತಾರೆ. ಕಾದ ಹೆಂಚಿನ ಮೇಲೆ ಕೈಮಾ, ಈರುಳ್ಳಿ ಹಾಕಿ, ಮೇಲೆ ಚೀಸ್ ಸ್ಲೈಸ್ ಇಟ್ಟು, ಮಗಚುವ ಕೈಯಿಂದಲೇ ಟಕಟಕ ಕೊಚ್ಚಿ, ಉದ್ದನೆ ಬನ್ನಿನೊಳಗೆ ತುಂಬಿ ಕೊಡುತ್ತಾರೆ. ಸ್ಲಾಪಿ ಜೋ ಅಂತ ಇನ್ನೊಂದಿದೆ, ಕೈಮಾವನ್ನು ಸಿಹಿ ಟೊಮೆಟೊ ಸಾಸಿನಲ್ಲಿ ಮುಳುಗಿಸಿದ್ದು. ಅದು ನನಗೆ ಸೇರಲ್ಲ. ಮಾಂಸಕ್ಕೆ ಸಕ್ಕರೆ ಹಾಕುವವರ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ ಬಿಡಿ.

ನಮ್ಮವರಿಗೆ ಸುಲಭದ ಊಟ ಗೊತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಬಸ್ಸಾರಿಗಿಂತ ಜಾಣ ಅಡುಗೆ ಯಾವುದಿದೆ? ಕಾಳು, ಸೊಪ್ಪು ಒಂದೇ ಸಲ ಬೇಯಿಸಿ, ಬಸಿದ ನೀರು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಬೆಳಿಗ್ಗೆ ಮಾಡಿದ್ದು ರಾತ್ರಿಗೆ ಇನ್ನೂ ರುಚಿ. ರಾತ್ರಿ ಎಸರಿಟ್ಟು ಮುದ್ದೆ ತಿರುವಿದರೆ ಊಟ ಮುಗೀತು. ಆದರೆ ಈ ಲೆಕ್ಕದಲ್ಲಿ ಒಂದು ಶರತ್ತು ಅಡಗಿದೆ. ಬೆಳಿಗ್ಗೆ ಸೊಪ್ಪು ಬಿಡಿಸಲು, ಕಾಳು ಬೇಯಿಸಲು ಮನೆಯಲ್ಲಿ ಒಬ್ಬರು ಇರಲೇಬೇಕು. ಆ ಒಬ್ಬರು ಯಾರು ಅಂತ ಬೇರೆ ಹೇಳಬೇಕಾ?

ಈಗ ಆ ಒಬ್ಬರು ಮನೆಯಲ್ಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಾಗುವ ಮುಂಚೆ ನಿಂತು ನೋಡಿ, ಬೆಂಗಳೂರಿನ ರೈಲಿಗೆ ಕಾಯುವವರಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಅಂತ. ನರಸಾಪುರದಲ್ಲಿ ಬೈಕ್ ಜೋಡಿಸುವ, ಐಫೋನ್ ಜೋಡಿಸುವ ಕಾರ್ಖಾನೆಗಳು ಬಂದಮೇಲೆ ಕೋಲಾರದ ಸುತ್ತಮುತ್ತ ಶಿಫ್ಟ್ ಬಸ್ಸುಗಳು ಓಡಾಡುತ್ತಿವೆ. ಗಂಡ ಹೆಂಡತಿ ಇಬ್ಬರೂ ದುಡಿದು ಕತ್ತಲಾದ ಮೇಲೆ ಮನೆಗೆ ಬರುವ ಸಂಜೆ ನ್ಯೂಜೆರ್ಸಿಯದ್ದು ಮಾತ್ರ ಅಲ್ಲ, ಈಗ ಕೋಲಾರದ್ದೂ ಹೌದು. ಆದರೆ ಅಡುಗೆಮನೆಯ ಮೇಲಿನ ನಿರೀಕ್ಷೆ ಮಾತ್ರ ನಮ್ಮಜ್ಜಿಯ ಕಾಲದ್ದೇ. ಅದು ಆಗದ ದಿನ ಏನಾಗುತ್ತದೆ? ಗೋಬಿ ಮಂಚೂರಿ ಪಾರ್ಸೆಲ್, ಎಗ್ ರೈಸ್ ಪಾರ್ಸೆಲ್. ಅದಕ್ಕೆ ಬದಲು ಈ ಕೈಮಾ ಸ್ಯಾಂಡ್‌ವಿಚ್ ಒಳ್ಳೆಯದು ಅಂತ ನನ್ನ ವಾದ. ಅಮೆರಿಕದಿಂದ ಊರಿಗೆ ತರಬೇಕಾದ ಅಡುಗೆ ಏನಾದರೂ ಇದ್ದರೆ ಇದೇ. ಪಿಜ್ಜಾ ಅಲ್ಲ.

ದನದ ಮಾಂಸದ ವಿಷಯ ಮುಚ್ಚಿಡುವುದೇನಿಲ್ಲ. ಇಲ್ಲಿ ನಾನು ತಿನ್ನುತ್ತೇನೆ, ನನ್ನ ಹೆಂಡತಿ ತಿನ್ನಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಬಾಣಲೆ ದನದ್ದು, ಒಂದು ಕೋಳಿಯದು, ಮಗಚುವ ಕೈಗಳೂ ಬೇರೆ ಬೇರೆ. ಕೋಲಾರ ಜಿಲ್ಲೆಯಲ್ಲೂ ಬೀಫ್ ತಿನ್ನುವ ಮನೆಗಳು ಮೊದಲೂ ಇದ್ದವು, ಈಗಲೂ ಇವೆ. ಆದರೆ 2021ರಿಂದ ಜಾರಿಯಲ್ಲಿರುವ ಕರ್ನಾಟಕದ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಉಳಿದ ಜಾನುವಾರು ಕಡಿಯುವುದು ನಿಷೇಧ. ಆದ್ದರಿಂದ ಊರಿನ ಮಟ್ಟಿಗೆ ಇದು ಕುರಿ, ಮೇಕೆ, ಕೋಳಿಯ ಅಡುಗೆ. ರುಚಿಯಲ್ಲಿ ಏನೂ ಕಮ್ಮಿಯಾಗಲ್ಲ. ನನ್ನ ಕೇಳಿದರೆ ಸ್ವಲ್ಪ ಕೊಬ್ಬಿರುವ ಮಟನ್ ಕೈಮಾ ಈ ಸ್ಯಾಂಡ್‌ವಿಚ್ಚಿಗೆ ದನದ್ದಕ್ಕಿಂತ ಚೆನ್ನ. ವಾರದ ಮಧ್ಯೆ ಮಟನ್ ದುಬಾರಿ ಅನಿಸಿದರೆ ಕೋಳಿ. ಮೂಳೆ ಇಲ್ಲದ ಕೋಳಿ ತಂದು ಮಿಕ್ಸಿಯಲ್ಲಿ ಎರಡು ಸಲ ಟರ್ ಅನಿಸಿದರೆ ಕೈಮಾ ಸಿದ್ಧ. ಆದರೆ ಕೋಳಿಯಲ್ಲಿ ಜಿಡ್ಡು ಇಲ್ಲ, ಎಣ್ಣೆ ಒಂದು ಚಮಚ ಜಾಸ್ತಿ ಬೇಕು.

ಈಗ ಒಲೆಯ ಮುಂದೆ ಬನ್ನಿ. ನಮ್ಮ ಪದ್ಧತಿಗೂ ಇವರ ಪದ್ಧತಿಗೂ ನಿಜವಾದ ಜಗಳ ಇರುವುದು ಇಲ್ಲೇ. ನಾವು ಮೊದಲು ಈರುಳ್ಳಿ ಬಾಡಿಸಿ, ಶುಂಠಿ-ಬೆಳ್ಳುಳ್ಳಿ ಹಾಕಿ, ಆಮೇಲೆ ಕೈಮಾ ಸುರಿದು, ಮುಚ್ಚಳ ಮುಚ್ಚಿ ನೀರು ಇಂಗುವವರೆಗೆ ಬೇಯಿಸುತ್ತೇವೆ. ಅರ್ಧ ಗಂಟೆ ಹಿಡಿಯುತ್ತದೆ. ಇವರು ಮೊದಲು ಬಾಣಲೆಯನ್ನು ಹೊಗೆಯಾಡುವ ಹಾಗೆ ಕಾಯಿಸಿ, ಬರಿ ಮಾಂಸವನ್ನು ಅದರ ಮೇಲೆ ತಟ್ಟಿ, ಮೂರು ನಾಲ್ಕು ನಿಮಿಷ ಮುಟ್ಟುವುದೇ ಇಲ್ಲ. ತಳ ಕಂದು ಬಣ್ಣಕ್ಕೆ ತಿರುಗಿ ಅಂಚು ಗರಿಗರಿ ಆದಮೇಲೆ ತಿರುವಿ ಹಾಕಿ ಪುಡಿ ಮಾಡುತ್ತಾರೆ. ಈ ವಿಷಯದಲ್ಲಿ ನಾನು ಇವರ ಕಡೆ. ಮಾಂಸ ಕಂದು ಬಣ್ಣಕ್ಕೆ ಬಂದು ಆ ಘಮ ಏಳಬೇಕಾದರೆ 140 ಡಿಗ್ರಿ ಸೆಲ್ಸಿಯಸ್ಸಿನಷ್ಟಾದರೂ ಬಿಸಿ ಬೇಕು. ಬಾಣಲೆಯಲ್ಲಿ ನೀರು ನಿಂತಿರುವ ತನಕ ಶಾಖ 100ರ ಹತ್ತಿರವೇ ಇರುತ್ತದೆ. ಮುಚ್ಚಳ ಮುಚ್ಚಿದರೆ ಕೈಮಾ ಬೇಯುತ್ತದೆ, ಹುರಿಯಲ್ಲ. ಸಾರಿಗೆ ಅದೇ ಸರಿ, ಬ್ರೆಡ್ಡಿನೊಳಗೆ ಇಡಲು ಸಪ್ಪೆ.

ಇದಕ್ಕೆ ನಮ್ಮ ಕಡೆ ಒಂದು ಅಡ್ಡಿ ಇದೆ. ನಾವು ಕೈಮಾವನ್ನು ತೊಳೆಯದೆ ಒಲೆಗೆ ಏರಿಸಲ್ಲ. ಅಮ್ಮನಂತೂ ಅರಿಶಿನ ಹಾಕಿ, ಜರಡಿಯಲ್ಲಿ ಸುರಿದು, ಮುಷ್ಟಿ ಮುಷ್ಟಿ ಹಿಂಡಿ ಇಡುತ್ತಾಳೆ. ಎಷ್ಟೇ ಹಿಂಡಿದರೂ ಅದರಲ್ಲಿ ನೀರು ಉಳಿಯುತ್ತದೆ, ಹೆಂಚಿನ ಮೇಲೆ ಹಾಕಿದರೆ ಉಗಿ ಏಳುತ್ತದೆಯೇ ಹೊರತು ಕೆಂಪಗಾಗಲ್ಲ. ಅಂಗಡಿಯಲ್ಲಿ ಬಯಲಿಗೆ ತೂಗುಹಾಕಿದ ಮಾಂಸ ತೊಳೆಯಬೇಡಿ ಅಂತ ನಾನು ಯಾರಿಗೂ ಹೇಳಲಾರೆ. ಕಡಿಯುವವನಿಗೆ ಹೇಳಿ, ತುಂಡಾಗಿದ್ದಾಗಲೇ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕೊಚ್ಚಲಿ. ಅವನು ಮಾಡಲ್ಲ ಅಂದರೆ ತುಂಡು ತಂದು ಮನೆಯಲ್ಲೇ ತೊಳೆದು ಒರೆಸಿ ಮಿಕ್ಸಿಗೆ ಹಾಕಿ.

ಹುರಿದ ಮೇಲಿನ ಕೆಲಸದಲ್ಲಿ ಮಾತ್ರ ಗೆಲ್ಲುವುದು ನಮ್ಮವರು. ಇಲ್ಲಿಯವರು ಉಪ್ಪು, ಮೆಣಸು, ಬೆಳ್ಳುಳ್ಳಿ ಪುಡಿ ಉದುರಿಸಿ ಕೈ ತೊಳೆದುಕೊಳ್ಳುತ್ತಾರೆ. ನಾನು ಹುರಿದ ಕೈಮಾವನ್ನು ಒಂದು ಪಕ್ಕಕ್ಕೆ ಸರಿಸಿ, ಅದು ಬಿಟ್ಟ ಜಿಡ್ಡಿನಲ್ಲೇ ಈರುಳ್ಳಿ, ಹಸಿಮೆಣಸಿನಕಾಯಿ, ಜಜ್ಜಿದ ಶುಂಠಿ-ಬೆಳ್ಳುಳ್ಳಿ ಬಾಡಿಸುತ್ತೇನೆ. ಮೇಲೆ ಊರಿನಿಂದ ಬಂದ ಸಾರಿನ ಪುಡಿ ಒಂದು ಚಮಚ. ಉಪ್ಪು ಕೊನೆಗೆ ಹಾಕಬೇಕು. ಹಸಿ ಕೈಮಾಗೇ ಉಪ್ಪು ಹಾಕಿ ಕಲಸಿದರೆ ಅದು ಅಂಟಿಕೊಂಡು ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ. ಉಂಡೆಗೆ ಅದು ಬೇಕು, ಇದಕ್ಕೆ ಬೇಡ. ಈರುಳ್ಳಿ ಹೆಚ್ಚುವುದೂ ಸೇರಿ ಇಪ್ಪತ್ತು ನಿಮಿಷದ ಒಳಗೆ ಎಲ್ಲ ಮುಗಿಯುತ್ತದೆ.

ಬೇಯುವ ಮಾತು ಬಂತು ಅಂತ ಒಂದು ಸಂಗತಿ. ಇಡೀ ತುಂಡಿನಲ್ಲಿ ಕೆಟ್ಟ ಕ್ರಿಮಿಗಳು ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತವೆ. ಕೊಚ್ಚಿದಾಗ ಅವು ಒಳಗೆಲ್ಲ ಸೇರಿಕೊಳ್ಳುತ್ತವೆ. ಅದಕ್ಕೇ ಇಲ್ಲಿನ ಕೃಷಿ ಇಲಾಖೆ ದನದ ಕೈಮಾ ಒಳಗಿನವರೆಗೂ 71 ಡಿಗ್ರಿ, ಕೋಳಿ 74 ಡಿಗ್ರಿ ಮುಟ್ಟಬೇಕು ಅನ್ನುತ್ತದೆ. ಅರ್ಧ ಕೆಂಪಗಿರುವ ಬರ್ಗರ್ ತಿನ್ನುವವರಿಗೆ ಈ ಎಚ್ಚರಿಕೆ. ನಮ್ಮವರು ಹಸಿ ಕೆಂಪು ಕಂಡರೆ ತಟ್ಟೆಯನ್ನೇ ತಳ್ಳುತ್ತಾರೆ, ಅವರಿಗೆ ಥರ್ಮಾಮೀಟರ್ ಬೇಕಿಲ್ಲ.

ಚೀಸಿನ ಬಗ್ಗೆ ಇಲ್ಲಿನ ರುಚಿಗಾರರಿಗೆ ಬಹಳ ಬಿಂಕ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಹಳದಿ ಸ್ಲೈಸ್ ಕಂಡರೆ ಮೂಗು ಮುರಿಯುತ್ತಾರೆ. ಆದರೆ ಈ ಅಡುಗೆಗೆ ಅದೇ ಸರಿ. ಹಳೆಯ ಚೆಡ್ಡಾರ್ ಕಾದರೆ ಎಣ್ಣೆ ಬೇರೆ, ಗಟ್ಟಿ ಬೇರೆ ಆಗಿಬಿಡುತ್ತದೆ. ಜೇಮ್ಸ್ ಕ್ರಾಫ್ಟ್ 1916ರಲ್ಲಿ ಪೇಟೆಂಟ್ ಪಡೆದ ಸಂಸ್ಕರಿಸಿದ ಚೀಸಿನ ವಂಶದ್ದು ಈ ಸ್ಲೈಸ್. ಇದಕ್ಕೆ ಸೇರಿಸುವ ಸಿಟ್ರೇಟಿನಂಥ ಲವಣಗಳು ಕೊಬ್ಬು, ನೀರು ಎರಡನ್ನೂ ಬಿಡದೆ ಹಿಡಿದಿಡುತ್ತವೆ, ಹಾಗಾಗಿ ಅದು ನಯವಾಗಿ ಕರಗುತ್ತದೆ. ಕೋಲಾರದ ಅಂಗಡಿಯಲ್ಲಿ ಸಿಗುವ ಅಮುಲ್ ಸ್ಲೈಸ್ ಕೂಡ ಸಂಸ್ಕರಿಸಿದ್ದೇ, ಧಾರಾಳವಾಗಿ ಹಾಕಬಹುದು. ಪನೀರ್ ತುರಿದು ಹಾಕುತ್ತೀನಿ ಅಂತ ಹೋಗಬೇಡಿ, ಅದು ಎಷ್ಟು ಕಾಯಿಸಿದರೂ ಕರಗಲ್ಲ. ಸ್ಲೈಸನ್ನು ಬ್ರೆಡ್ ಮೇಲೆ ಇಡದೆ ಬಾಣಲೆಯಲ್ಲಿರುವ ಕೈಮಾದ ಮೇಲೇ ಇಟ್ಟು, ಅರ್ಧ ನಿಮಿಷ ಮುಚ್ಚಿ, ಆಮೇಲೆ ಕಲಸಿ. ಉಂಡೆಯಲ್ಲಿ ಹುರಿಗಡಲೆ ಮಾಡುವ ಕೆಲಸವನ್ನೇ ಇಲ್ಲಿ ಚೀಸ್ ಮಾಡುತ್ತದೆ, ಕಚ್ಚಿದಾಗ ಕೈಮಾ ಮಡಿಲಿಗೆ ಉದುರಲ್ಲ. ಒಬ್ಬರಿಗೆ ಒಂದು ಸ್ಲೈಸ್ ಸಾಕು. ಇಲ್ಲಿಯವರು ಮೂರು ಹಾಕುತ್ತಾರೆ, ಆಮೇಲೆ ಮಾಂಸದ ರುಚಿ ಎಲ್ಲಿ ಅಂತ ಹುಡುಕಬೇಕು.

ಬ್ರೆಡ್ಡಿಗೆ ಯಾವ ಚಿಂತೆಯೂ ಇಲ್ಲ. ಅಯ್ಯಂಗಾರ್ ಬೇಕರಿಯ ಬನ್ನು ಸ್ವಲ್ಪ ಸಿಹಿ ಇರುತ್ತದೆ, ಖಾರದ ಕೈಮಾಗೆ ಹೊಂದುತ್ತದೆ. ಅಡ್ಡಡ್ಡ ಸೀಳಿ, ದೋಸೆ ಹೆಂಚಿನ ಮೇಲೆ ಬೆಣ್ಣೆ ಸವರಿ ಕೆಂಪಗೆ ಸುಟ್ಟರಾಯಿತು. ಹಾಂ, ಕಬ್ಬಿಣದ ದೋಸೆ ಹೆಂಚು ಇದ್ದರೆ ಕೈಮಾನೂ ಅದರಲ್ಲೇ ಹುರಿಯಿರಿ. ನ್ಯೂಯಾರ್ಕಿನ ಅಂಗಡಿಯವರ ಹೆಂಚಿಗೆ ಅದು ಏನೂ ಕಮ್ಮಿ ಇಲ್ಲ.

ಕೆಚಪ್ ಮಾತ್ರ ಬೇಡ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಇರುವ ಊರು ನಮ್ಮದು. ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿದು ಹೋಗುವುದನ್ನೂ ನೋಡಿದ್ದೇವೆ, 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನೂ ನೋಡಿದ್ದೇವೆ. ಅಂಥ ಊರಿನವರು ಸಕ್ಕರೆ ಹಾಕಿದ ಟೊಮೆಟೊ ಬಾಟಲಿಗೆ ದುಡ್ಡು ಕೊಡುವುದು ನನಗೆ ಸಹಿಸಲ್ಲ. ಭಾನುವಾರ ಒಂದಿಷ್ಟು ಟೊಮೆಟೊ ಗೊಜ್ಜು ಗಟ್ಟಿಯಾಗಿ ಕುದಿಸಿ ಫ್ರಿಜ್ಜಿನಲ್ಲಿಟ್ಟರೆ ವಾರವೆಲ್ಲ ಬರುತ್ತದೆ. ಬನ್ನಿನ ಒಳಗೆ ಅದನ್ನು ಸವರಿ, ನಿಂಬೆಹಣ್ಣು ಹಿಂಡಿದ ಹಸಿ ಈರುಳ್ಳಿ ಇಟ್ಟು, ಮೇಲೆ ಕೈಮಾ.

ಸೋಮವಾರ, ಶನಿವಾರದವರಿಗೆ, ಶ್ರಾವಣದವರಿಗೆ ಮೀಲ್ ಮೇಕರ್ ಇದೆ. ನೆನೆಸಿ, ಚೆನ್ನಾಗಿ ಹಿಂಡಿ, ಪುಡಿ ಮಾಡಿ ಇದೇ ಥರ ಹುರಿಯಬಹುದು. ಪರವಾಗಿಲ್ಲ, ಅಷ್ಟೇ.

ಇವರ ಊಟದಲ್ಲಿ ನನಗೆ ಹಿಡಿಸದ್ದೂ ಇದೆ. ದಿನಾ ಮಾಂಸ, ಸೊಪ್ಪಿನ ಸುಳಿವೇ ಇಲ್ಲ. ಒಬ್ಬರು ಟಿವಿ ಮುಂದೆ, ಒಬ್ಬರು ಮಹಡಿಯಲ್ಲಿ, ತಟ್ಟೆ ಬದಲು ಕಾಗದದ ಟವೆಲ್. ಅದನ್ನೆಲ್ಲ ಊರಿಗೆ ಸಾಗಿಸಬೇಕಾಗಿಲ್ಲ. ವಾರಕ್ಕೆ ಒಂದು ರಾತ್ರಿ ಕೈಮಾ ಸ್ಯಾಂಡ್‌ವಿಚ್, ಉಳಿದ ದಿನ ಬಸ್ಸಾರು, ಉಪ್ಪುಸಾರು ಇದ್ದೇ ಇದೆ. ಆದರೆ ಆ ಒಂದು ರಾತ್ರಿಯಲ್ಲಿ ಇವರಿಂದ ಕಲಿಯುವುದು ಇನ್ನೊಂದಿದೆ. ಇಲ್ಲಿ ಯಾರು ಮೊದಲು ಮನೆಗೆ ಬರುತ್ತಾರೋ ಅವರೇ ಬಾಣಲೆ ಇಡುತ್ತಾರೆ. ನನ್ನ ಸಹೋದ್ಯೋಗಿಗಳಲ್ಲಿ ಬೇರೇನೂ ಅಡುಗೆ ಬಾರದ ಗಂಡಸರಿಗೂ ಇದೊಂದು ಬರುತ್ತದೆ. ಮುದ್ದೆ ತಿರುವಲು ಕೈ ಪಳಗಿರಬೇಕು, ಗಂಟಾಗುತ್ತದೆ ಅಂತ ನಮ್ಮ ಗಂಡಸರು ತಪ್ಪಿಸಿಕೊಳ್ಳಬಹುದು. ಕೈಮಾ ಹುರಿಯಲು ಅಂಥ ನೆಪ ಏನೂ ಸಿಗಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವಳು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ ಕಣೋ, ನಿಮ್ಮ ಬಾವನಿಗೆ ಹೇಳು" ಅಂದಳು. ಹೇಳಿದ್ದೇನೆ. ಅವಳು ನರಸಾಪುರದಿಂದ ಮನೆ ಮುಟ್ಟುವಾಗ ಏಳೂವರೆ, ಬಾವ ಆರು ಗಂಟೆಗೆಲ್ಲ ಮನೆಯಲ್ಲಿರುತ್ತಾರೆ. ಮೊನ್ನೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು, ಈರುಳ್ಳಿ ಎಷ್ಟು ಸಣ್ಣಗೆ ಹೆಚ್ಚಬೇಕು ಅಂತ.