ಚಿಪ್ ಹಾಕಿದ ಲಾರಿ, ಬ್ಯಾಟರಿ ವೈರ್ ಬಿಚ್ಚೋ ಮಾತು: ಸ್ಪಷ್ಟನೆ

ಪುಣೆಲಿ ನಮ್ಮ ಕನ್ನಡದ ಡ್ರೈವರ್‌ಗಳ ಮಧ್ಯೆ ಒಂದು ಮಾತು ಓಡಾಡ್ತಿದೆ, ಪವರ್ ಚಿಪ್ (ಇಂಜಿನ್ ಪವರ್ ಏರಿಸೋಕೆ ಹಾಕೋ ಚಿಕ್ಕ ಬಾಕ್ಸ್) ಹಾಕಿದ್ಮೇಲೆ ಇಂಜಿನ್ ಲೈಟ್ ಬಂದ್ರೆ ಬ್ಯಾಟರಿ ವೈರ್ 10 ನಿಮಿಷ ಬಿಚ್ಚಿಟ್ರೆ ಸರಿಹೋಗುತ್ತೆ ಅಂತ. ಹೋಗಲ್ಲಣ್ಣ. ಲೈಟ್ ಆರಬೋದು, ಫಾಲ್ಟ್ ಅಲ್ಲೇ ಇರುತ್ತೆ. ಈ ಡೀಸೆಲ್ ಬಾಕ್ಸ್‌ಗಳಲ್ಲಿ ಎಷ್ಟೋ ಮಾಡೋದು ಇಷ್ಟೇ, ಇಂಜೆಕ್ಟರ್‌ಗೆ ಹೋಗೋ ಡೀಸೆಲ್ ಪ್ರೆಶರ್ ಅಳೆಯೋ ರೈಲ್ ಪ್ರೆಶರ್ ಸೆನ್ಸರ್‌ಗೂ ಇಸಿಯುಗೂ (ಇಂಜಿನ್ ಕಂಪ್ಯೂಟರ್) ಮಧ್ಯೆ ಕೂತು ಪ್ರೆಶರ್ ಕಮ್ಮಿ ಇದೆ ಅಂತ ಇಸಿಯುಗೆ ಸುಳ್ಳು ಹೇಳೋದು, ಅದು ನಂಬ್ಕೊಂಡು ಪ್ರೆಶರ್ ಏರಿಸುತ್ತೆ, ಲೆಕ್ಕ ತಪ್ಪಿದ್ರೆ ಲಿಂಪ್ ಮೋಡ್, ಅಂದ್ರೆ ಇಂಜಿನ್ ಉಳಿಸೋಕೆ ಇಸಿಯುನೇ ಪವರ್ ಕಮ್ಮಿ ಮಾಡುತ್ತೆ. ನನ್ನ ಗಾಡಿ ಖಂಬಾಟ್ಕಿ ಘಾಟಲ್ಲಿ ಫುಲ್ ಲೋಡಲ್ಲಿ ಹಂಗೇ ಮಲಗ್ತು, ವೈರ್ ಬಿಚ್ಚಿ ಹಾಕ್ದೆ, ಎರಡು ತಿರುವು ದಾಟೋದ್ರೊಳಗೆ ಲೈಟ್ ವಾಪಸ್!

ಮೊದ್ಲು ಚಿಪ್ ಕಿತ್ತು ಕಂಪನಿ ಸಾಕೆಟ್ ನೇರ ಜೋಡ್ಸಿ, ಸ್ಕ್ಯಾನರಲ್ಲಿ ಫಾಲ್ಟ್ ಕೋಡ್ ಓದ್ಸಿ, ಅಳಿಸಿ, ಅದೇ ಲೋಡಲ್ಲಿ ಓಡ್ಸಿ ನೋಡಿ. ಲೈಟ್ ಬರ್ಲಿಲ್ವಾ, ಫಾಲ್ಟ್ ಚಿಪ್ಪಲ್ಲೋ ಅದರ ಸಾಕೆಟ್ಟಲ್ಲೋ ಇದೆ. ನಂದ್ರಲ್ಲಿ ಒಂದು ಪಿನ್ ಹಿಂದಕ್ಕೆ ಸರಿದು ಹಸಿರು ತುಕ್ಕು ಕಟ್ಟಿತ್ತು. ಚಿಪ್ ಕಿತ್ತ ಮೇಲೂ ಲೈಟ್ ಬಂದ್ರೆ ಡೀಸೆಲ್ ಫಿಲ್ಟರ್, ಇಂಜೆಕ್ಟರ್ ಕಡೆ ತಿರುಗಿ.