ಸತ್ಯಾಂಶ: ಶುಗರ್ ಟೆಸ್ಟ್‌ನಲ್ಲಿ ಗಾಂಜಾ ಗೊತ್ತಾಗುತ್ತಾ?

"ಯಾವ ರಕ್ತ ಪರೀಕ್ಷೆ ಮಾಡಿಸಿದರೂ ಗಾಂಜಾ ಸಿಕ್ಕಿಬೀಳುತ್ತೆ, ಲ್ಯಾಬಿನವರು ಪೊಲೀಸರಿಗೆ ತಿಳಿಸಲೇಬೇಕು" ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಎರಡೂ ಮಾತು ತಪ್ಪು.

ಲ್ಯಾಬ್ ನೋಡುವುದು ಚೀಟಿಯಲ್ಲಿ ಬರೆದ ಟೆಸ್ಟ್ ಮಾತ್ರ. ಸಿಬಿಸಿ ರಕ್ತಕಣಗಳನ್ನು ಎಣಿಸುತ್ತದೆ. ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್ ಟೆಸ್ಟ್‌ಗಳೂ ಗಾಂಜಾ ಹುಡುಕುವುದಿಲ್ಲ. ಅದಕ್ಕೆ ಡ್ರಗ್ ಸ್ಕ್ರೀನ್ ಅಂತ ಬೇರೆಯೇ ಇದೆ, ಸಾಮಾನ್ಯವಾಗಿ ಮೂತ್ರದಲ್ಲಿ ಮಾಡುತ್ತಾರೆ. ಗಾಂಜಾದಲ್ಲಿ ನಶೆ ಏರಿಸುವ ಅಂಶವಾದ ಟಿಎಚ್‌ಸಿ ದೇಹದ ಕೊಬ್ಬಿನಲ್ಲಿ ಉಳಿಯುವುದರಿಂದ, ದಿನಾ ಸೇದುವವರಿಗೆ ಬಿಟ್ಟ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು. ಹಬ್ಬದ ಭಂಗಿ ಪಾನಕ ಕುಡಿದರೂ ಪಾಸಿಟಿವ್ ಬರಬಹುದು!

ಇನ್ನು ಪೊಲೀಸರ ವಿಷಯ. ಗಾಂಜಾ ಸೇವನೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯಲ್ಲಿ ಅಪರಾಧವೇ. ಆದರೆ ರೋಗಿಯ ಗುಟ್ಟು ಕಾಯುವುದು ವೈದ್ಯರ ಕೆಲಸ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಅದನ್ನು ಹೊರಗೆ ಹೇಳಬಹುದಾದ ಸಂದರ್ಭಗಳು ಕಡಿಮೆ: ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಅಪಘಾತ, ಹೊಡೆದಾಟದಂಥ ಎಂಎಲ್‌ಸಿ (ಪೊಲೀಸ್ ತನಿಖೆ ಬೇಕಾಗಬಹುದಾದ) ಕೇಸುಗಳ ಮಾತು ಬೇರೆ, ಅಲ್ಲಿ ಆಸ್ಪತ್ರೆ ಪೊಲೀಸರಿಗೆ ತಿಳಿಸುತ್ತದೆ.

ಎಚ್ಚರ ಬೇಕಿರುವುದು ಕೆಲಸಕ್ಕೆ ಅಥವಾ ವಿಮೆಗೆ ಮಾಡಿಸುವ ಟೆಸ್ಟ್‌ನಲ್ಲಿ. ಅಲ್ಲಿ ಡ್ರಗ್ ಸ್ಕ್ರೀನ್ ಸೇರಿರಬಹುದು, ವರದಿ ಕಂಪನಿಗೂ ಹೋಗಬಹುದು. ಸುಮ್ನೆ ಸಹಿ ಹಾಕಬೇಡಿ, ಫಾರ್ಮ್ ಓದಿ.

ಈ ಫಾರ್ವರ್ಡ್‌ನಿಂದ ಜಾಸ್ತಿ ತೊಂದರೆ ಆಗುವುದು ಹೆದರಿ ಡಾಕ್ಟರ ಹತ್ತಿರ ಮುಚ್ಚಿಡುವವರಿಗೆ. ಗಾಂಜಾ ಸೇದುವವರಿಗೆ ಆಪರೇಷನ್ ವೇಳೆ ಅರಿವಳಿಕೆ ಮದ್ದು ಹೆಚ್ಚು ಬೇಕಾಗಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರಿಗೆ ಗಾಂಜಾದಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಹಾಗಾಗಿ ಇದನ್ನು ಆಪರೇಷನ್‌ಗೆ ಮೊದಲೇ ಡಾಕ್ಟರಿಗೆ ಹೇಳಿ.